ಮೂರು ಬಾಯಿ, ಒಂದು ಕೋಣೆ

ಬೆಳಿಗ್ಗೆ ಏಳೂವರೆಗೆ ಅಂಗಡಿಯ ಬಾಗಿಲು ತೆಗೆಯಲು ಬಂದ ರೇಡಿಯೋ ರಿಪೇರಿಯವನಿಗೆ ಗೋಡೆಯ ಮೇಲೆ ಒಂದು ಕೆಂಪು ಗುರುತು ಕಾಣಿಸಿತು. ಹಸಿಯೋ ಒಣಗಿದೆಯೋ ಎಂದು ಬೆರಳಿಟ್ಟು ನೋಡಿದ. ಹಸಿಯಾಗಿತ್ತು. ಆ ಬೆರಳನ್ನು ಅಂಗಿಗೆ ಒರೆಸಿಕೊಂಡು, ಗೋಡೆಯ ಜೊತೆಗೆ ತಾನೂ ಗುರುತು ಹಾಕಿಸಿಕೊಂಡ.

ನಾಲ್ಕು ಮನೆಯಾಚೆ ಒಬ್ಬ ಬಣ್ಣದವನು ಡಬ್ಬ ಹಿಡಿದು ನಿಂತಿದ್ದ.

"ಏನಯ್ಯಾ ಇದು?"

"ಗುರುತು."

"ಗುರುತು ಅಂತ ನನಗೂ ಕಾಣ್ತಿದೆ. ಯಾತಕ್ಕೆ?"

"ಕೆಡವೋದಕ್ಕೆ. ರಸ್ತೆ ಅಗಲ ಮಾಡ್ತಾರೆ. ನಿಮ್ಮ ಮನೆಗೇನೂ ಆಗಲ್ಲ, ಮುಂದುಗಡೆ ಈ ಕೋಣೆ ಮಾತ್ರ ಹೋಗುತ್ತೆ. ಅದೃಷ್ಟವಂತರು ಬಿಡಿ."

ಅದೃಷ್ಟವಂತ ಅಂಗಡಿಯ ಬಾಗಿಲು ತಳ್ಳಿ ಒಳಗೆ ನೋಡಿದ. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಆ ಕೋಣೆಯಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಕೂತಿದ್ದ. ಮೂರು ಗೋಡೆಗೂ ಹಲಗೆ, ಹಲಗೆಯ ತುಂಬ ರೇಡಿಯೋಗಳು. ಅವುಗಳಲ್ಲಿ ಅರ್ಧದಷ್ಟರ ಮಾಲೀಕರು ತೀರಿಕೊಂಡಿದ್ದರು; ಉಳಿದವರು ತಮ್ಮದೊಂದು ರೇಡಿಯೋ ಇತ್ತೆಂಬುದನ್ನೇ ಮರೆತಿದ್ದರು. ಆದರೂ ಅದು ಅಂಗಡಿ. ಅದಿಲ್ಲದಿದ್ದರೆ ದಿನವಿಡೀ ಮನೆಯೊಳಗೆ ಹೆಂಡತಿಯ ಕಣ್ಣಿಗೆ ಬೀಳುತ್ತಾ ಇರಬೇಕಾಗುತ್ತಿತ್ತು.

ಬೀದಿಯವರು ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಅಂಗಡಿಯಿಂದಾಗಿ ಬಂದ ಹೆಸರೆಂದು ಅವನು ತಿಳಿದಿದ್ದ. ಬೀದಿಯವರ ಕಾರಣ ಬೇರೆ ಇತ್ತು. ಈ ಮನುಷ್ಯ ಒಂದೇ ಸಮನೆ ಮಾತಾಡುತ್ತಿದ್ದ. ಯಾರು ಏನು ಹೇಳಿದರೂ ಕೇಳಿಸಿಕೊಳ್ಳುತ್ತಿರಲಿಲ್ಲ.

"ಅಯ್ಯೋ, ಬಾರೇ ಇಲ್ಲಿ! ಅಂಗಡಿ ಹೋಯ್ತು!" ಎಂದು ಬೊಬ್ಬೆ ಹಾಕಿದ.

ಹೆಂಡತಿ ಸಾವಕಾಶವಾಗಿ ಬಂದಳು. ಗೋಡೆ ನೋಡಿದಳು, ಅಂಗಿ ನೋಡಿದಳು, ಅಂಗಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ, ಗಂಡ ಹತ್ತು ದಿನದಿಂದ ಟೀ ಲೋಟದ ಕೆಳಗೆ ಇಟ್ಟುಕೊಳ್ಳುತ್ತಿದ್ದ ಒಂದು ಕಾಗದವನ್ನು ಹುಡುಕಿ ತಂದಳು. ಅದು ನಗರ ಕಚೇರಿಯ ನೋಟೀಸು.

"ಬಂದ ದಿನಾನೇ ಓದಿ ಅಂದೆ. ಕೇಳಿದ್ರಾ?"

"ಈಗ ಓದು, ಬೈಗುಳ ಆಮೇಲೆ."

ಅವಳು ಟೀ ಕಲೆಗಳ ನಡುವೆ ದಾರಿ ಮಾಡಿಕೊಂಡು ಓದಿದಳು. ಚರಿತ್ರೆ ಇರುವ ಕಟ್ಟಡವನ್ನು ಕೆಡವತಕ್ಕದ್ದಲ್ಲ. ಕಚೇರಿಯ ಹಳೆಯ ದಾಖಲೆಗಳನ್ನು ಗೆದ್ದಲು ತಿಂದಿರುವ ಕಾರಣ, ಎಪ್ಪತ್ತೈದು ದಾಟಿದ ಮೂವರು ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದನ್ನು ಬಾಯಿಮಾತಿನಲ್ಲಿ ಹೇಳಿದರೂ ಸಾಕು. ಮೂವರನ್ನೂ ಬೇರೆ ಬೇರೆಯಾಗಿ ಕೇಳಲಾಗುವುದು. ಮೂವರೂ ಒಂದೇ ತೆರನಾಗಿ ಹೇಳಿದ್ದು ದಾಖಲೆಯಾಗುವುದು, ವ್ಯತ್ಯಾಸ ಬಂದದ್ದನ್ನು ಹೊಡೆದು ಹಾಕಲಾಗುವುದು. ಈ ಬೀದಿಗೆ ಅಧಿಕಾರಿ ಬರುವುದು ಇಂದು ಸಂಜೆ ನಾಲ್ಕಕ್ಕೆ.

ಕಾಗದವನ್ನು ನಂಬಿ ಕೆಟ್ಟ ಕಚೇರಿ ಈಗ ಬಾಯನ್ನು ನಂಬಲು ಹೊರಟಿತ್ತು. ಬಾಯಿಗೆ ಗೆದ್ದಲು ಹಿಡಿಯುವುದಿಲ್ಲವೆಂದು ಯಾರೋ ಬುದ್ಧಿವಂತರು ಸಲಹೆ ಕೊಟ್ಟಿರಬೇಕು.

"ನಮ್ಮ ಕೋಣೆಗೆ ಏನು ಚರಿತ್ರೆ ಇದೆ?" ಎಂದ ರೇಡಿಯೋ.

"ಜೇಡರ ಬಲೆ ಇದೆ. ಅದು ನಾನು ಮದುವೆಯಾಗಿ ಬಂದಾಗಿಂದ ಇದೆ."

"ತಮಾಷೆ ಬೇಡ."

"ಚರಿತ್ರೆ ಬೇಕಿದ್ರೆ ಅತ್ತೆನ ಕೇಳಿ. ಎಂಬತ್ತನಾಲ್ಕು ವರ್ಷ, ಈ ಮನೇಲೇ ಹುಟ್ಟಿದೋರು."

ಅತ್ತೆ ಎಂದರೆ ರೇಡಿಯೋನ ಸೋದರತ್ತೆ, ಅವನ ತಂದೆಯ ಅಕ್ಕ. ಹಿಂದಿನ ಕೋಣೆಯಲ್ಲಿ ಇದ್ದರು. ಅವರು "ನಮ್ಮ ತಾತನ ಕಾಲದಲ್ಲಿ..." ಎಂದು ಬಾಯಿ ತೆಗೆದರೆ ರೇಡಿಯೋ ಯಾವುದಾದರೊಂದು ರೇಡಿಯೋದ ದನಿ ಜೋರು ಮಾಡುತ್ತಿದ್ದ. ಈ ಪದ್ಧತಿ ನಲವತ್ತು ವರ್ಷದಿಂದ ನಡೆದುಕೊಂಡು ಬಂದಿತ್ತು.

"ಅತ್ತೆನ ಕೇಳಿದ್ರೆ ನಾಳೆ ಸಂಜೆ ಮುಗಿಸ್ತಾರೆ. ಅಷ್ಟು ಪುರುಸೊತ್ತಿಲ್ಲ. ಚರಿತ್ರೆ ನಾನೇ ಮಾಡ್ತೀನಿ."

"ಒಂದು ರೇಡಿಯೋ ಸರಿ ಮಾಡೋದಕ್ಕೆ ಮೂರು ತಿಂಗಳು ತಗೋತೀರ. ಚರಿತ್ರೆ ನಾಲ್ಕು ಗಂಟೆ ಒಳಗೆ ಆಗುತ್ತಾ?"

ಆಯಿತು. ಎಂಟೂವರೆಗೆಲ್ಲಾ ಆಯಿತು. ಸುಳ್ಳಿಗೆ ಬಿಡಿಭಾಗ ಬೇಕಿಲ್ಲವಲ್ಲ. ನೂರು ವರ್ಷದ ಹಿಂದೆ ಒಂದು ಮಹಾ ಪ್ರವಾಹ ಬಂತು. ಬೀದಿಗೆ ಬೀದಿಯೇ ಮುಳುಗಿತು. ಆಗ ರೇಡಿಯೋನ ಮುತ್ತಾತ ತನ್ನ ಈ ಕೋಣೆಯ ಬಾಗಿಲು ತೆರೆದು, ನಲವತ್ತು ಜನರನ್ನು ಮೂರು ಹಗಲು ಮೂರು ರಾತ್ರಿ ಕಾಪಾಡಿದ. ಕೊನೆಗೆ ಎಲ್ಲರೂ ಆತನ ಕಾಲಿಗೆ ಬಿದ್ದರು. ಈ ಜಾಗಕ್ಕೆ ಬಂದಾಗ ರೇಡಿಯೋ ಕಣ್ಣೊರೆಸಿಕೊಂಡ. ಅಂಥ ಮುತ್ತಾತನನ್ನು ಇಷ್ಟು ವರ್ಷ ನೆನೆಯಲೇ ಇಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಈಗ ಮೂರು ಬಾಯಿ ಬೇಕು. ಬೀದಿಯಲ್ಲಿ ಎಪ್ಪತ್ತೈದು ದಾಟಿದವರು ಇದ್ದದ್ದೇ ಮೂವರು: ಎದುರುಗಡೆಯ ಕಟಿಂಗ್ ತಾತ, ಮೂಲೆಮನೆಯ ಟೀಚರಮ್ಮ, ತನ್ನ ಸೋದರತ್ತೆ.

ಕಟಿಂಗ್ ತಾತ ಕತ್ತರಿ ಕೆಳಗಿಟ್ಟು ಹತ್ತು ವರ್ಷವಾಗಿತ್ತು. ಈಗ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು, ಹೋಗಿಬರುವವರ ತಲೆ ನೋಡಿ "ಯಾವನೋ ಇದನ್ನ ಕಡಿದದ್ದು?" ಎಂದು ಕೇಳುವುದು ಅವರ ಕೆಲಸ. ರೇಡಿಯೋನ ಕತೆಯನ್ನು ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು.

"ಚೆನ್ನಾಗಿದೆ. ಇದರಲ್ಲಿ ನಮ್ಮ ತಾತ ಎಲ್ಲಿ?"

"ಆ ನಲವತ್ತು ಜನರಲ್ಲಿ ಒಬ್ಬರು ಅಂತ ಇಟ್ಕೊಳ್ಳಿ."

"ನಲವತ್ತರಲ್ಲಿ ಒಬ್ಬರಾ?" ಕಣ್ಣು ತೆರೆಯಿತು. "ನಿಮ್ಮ ಮುತ್ತಾತ ಬಾಗಿಲು ತೆಗೀತಾನೆ, ನಮ್ಮ ತಾತ ಒದ್ದೆಯಾಗಿ ಒಳಗೆ ಬಂದು ಮೂಲೇಲಿ ಕೂತ್ಕೋತಾನೆ. ಇದನ್ನ ನಾನು ನನ್ನ ಬಾಯಿಂದ ಹೇಳಬೇಕು. ಭೇಷ್!"

"ಮತ್ತೆ ಏನು ಮಾಡಿಸೋಣ ಅವರ ಕೈಲಿ?"

"ದೋಣಿ ನಡೆಸಲಿ. ಜನಾನ ದೋಣೀಲಿ ಕರ್ಕೊಂಡು ಬಂದೋರು ನಮ್ಮ ತಾತ."

"ದೋಣಿ ಎಲ್ಲಿಂದ ಬಂತು ತಾತ, ಈ ಬೀದಿಗೆ?"

"ನಿನ್ನ ನೀರು ಎಲ್ಲಿಂದ ಬಂತೋ ಅಲ್ಲಿಂದಲೇ ಬಂತು."

ದೋಣಿ ಸೇರಿತು. ನಲವತ್ತು ಜನ, ಮುತ್ತಾತ, ದೋಣಿ ಎಂದು ಬೆರಳು ಮಡಚುತ್ತಾ ರೇಡಿಯೋ ಮೂಲೆಮನೆಗೆ ಓಡಿದ.

ಟೀಚರಮ್ಮ ಮೂವತ್ತಾರು ವರ್ಷ ಪಾಠ ಹೇಳಿ, ನಿವೃತ್ತಿಯಾದ ಮೇಲೆ ಮಕ್ಕಳು ಸಿಗದೆ ದೊಡ್ಡವರನ್ನು ತಿದ್ದುತ್ತಿದ್ದರು. ಕತೆ ಮುಗಿಯುವವರೆಗೂ ಕೈಯಲ್ಲಿ ಪೆನ್ಸಿಲ್ ಹಿಡಿದೇ ಕೇಳಿದರು.

"ನದಿ ಇಲ್ಲಿಂದ ಎಷ್ಟು ದೂರ?"

"ಎಂಟು ಮೈಲಿ ಇರಬಹುದು."

"ಈ ಬೀದಿ ಗುಡ್ಡದ ತಲೆ ಮೇಲಿದೆ. ನಿನ್ನ ನೀರು ಎಂಟು ಮೈಲಿ ನಡೆದು, ಗುಡ್ಡ ಹತ್ತಿ, ಏದುಸಿರು ಬಿಡ್ತಾ ನಿಮ್ಮನೆ ಬಾಗಿಲು ತಟ್ಟಿತಾ? ನೂರಕ್ಕೆ ಹನ್ನೆರಡು."

"ಟೀಚರಮ್ಮ, ದಯವಿಟ್ಟು..."

"ಬೆಂಕಿ ಅಂತ ಮಾಡು. ಬೆಂಕಿಗೆ ಗುಡ್ಡದ ತಾಪತ್ರಯ ಇಲ್ಲ. ಬೀದಿಗೆ ಬೆಂಕಿ ಬಿತ್ತು, ಈ ಕೋಣೆ ಒಂದೇ ಉಳೀತು, ಜನ ಇಲ್ಲಿ ಸೇರಿದ್ರು. ಆಗ ನಮ್ಮಜ್ಜಿ ಮಕ್ಕಳು ಹೆದರಬಾರದು ಅಂತ ಮೂರು ದಿನ ಮಗ್ಗಿ ಹೇಳಿಸಿದ್ರು."

"ಬೆಂಕಿ ಬಿದ್ದಾಗ ಮಗ್ಗಿನಾ?"

"ಹದಿನಾರರ ಮಗ್ಗಿವರೆಗೆ. ಬೇಡ ಅಂದ್ರೆ ಹೇಳು, ನನಗೆ ಸಂಜೆ ತಲೆನೋವು ಬರುತ್ತೆ."

ಮಗ್ಗಿ ಸೇರಿತು. ನಲವತ್ತು ಜನ ಎನ್ನುವುದು ಒಪ್ಪವಾಗಿದೆ, ಸುಳ್ಳಿನ ವಾಸನೆ ಬರುತ್ತದೆ ಎಂದು ಟೀಚರಮ್ಮ ಅದನ್ನು ನಲವತ್ತೆರಡು ಮಾಡಿದರು. ರೇಡಿಯೋ ಬೆವರು ಒರೆಸಿಕೊಳ್ಳುತ್ತಾ ಮತ್ತೆ ಕಟಿಂಗ್ ತಾತನ ಬೆಂಚಿಗೆ ಬಂದ.

"ತಾತ, ಪ್ರವಾಹ ಬೇಡ ಅಂತ ಆಗಿದೆ. ಬೆಂಕಿ."

"ಯಾರು ಮಾಡಿದ್ದು ಹಾಗಂತ?"

"ಟೀಚರಮ್ಮ."

"ಅವಳು ಸ್ಕೂಲಲ್ಲಿದ್ದಾಗಲೂ ಹೀಗೇ. ಸರಿ, ಬೆಂಕಿ ಆಗಲಿ. ದೋಣಿ ಇದೆ ತಾನೇ?"

"ಬೆಂಕೀಲಿ ದೋಣಿ ಹೇಗಿರುತ್ತೆ ತಾತ?"

ಕಟಿಂಗ್ ತಾತ ಎದ್ದು ನಿಂತರು. ಹತ್ತು ವರ್ಷದಲ್ಲಿ ಅವರು ಯಾರಿಗಾಗಿಯೂ ಎದ್ದವರಲ್ಲ. "ಬೆಳಿಗ್ಗೆ ಒಂಬತ್ತು ಗಂಟೆಗೆ ನೀನೇ ಬಂದು ನಮ್ಮ ತಾತನಿಗೆ ದೋಣಿ ಕೊಟ್ಟೆ. ಹನ್ನೊಂದಕ್ಕೆ ಕಿತ್ಕೊಳ್ತೀಯಾ? ಸತ್ತೋರ ಕೈಯಿಂದ?"

"ಕಿತ್ಕೊಳ್ತಿಲ್ಲ ತಾತ, ಆದ್ರೆ..."

"ಬೆಂಕಿ ಆರಿಸೋಕೆ ನೀರು ಬೇಕು ತಾನೇ? ನಮ್ಮ ತಾತ ದೋಣಿ ತುಂಬ ನೀರು ತುಂಬಿಸಿ, ಗಾಡಿ ಮೇಲೆ ಹೇರ್ಕೊಂಡು ಬಂದ್ರು. ಮುಗೀತು. ಇದರ ಮೇಲೆ ಮಾತಿಲ್ಲ."

ಈ ಹೊತ್ತಿಗೆ ಬೆಂಚಿನ ಸುತ್ತ ಬೀದಿಯ ಅರ್ಧ ಜನ ಸೇರಿದ್ದರು. ಗುಟ್ಟು ಎನ್ನುವುದು ಆ ಬೀದಿಯಲ್ಲಿ ಹಾಲಿಗಿಂತ ಬೇಗ ಮನೆಮನೆಗೂ ಮುಟ್ಟುತ್ತಿತ್ತು. ತರಕಾರಿಯವಳು ತಕ್ಕಡಿ ಕೆಳಗಿಟ್ಟು, "ಅಣ್ಣಾ, ನಮ್ಮಜ್ಜಿನೂ ಅದರಲ್ಲಿ ಸೇರಿಸಿಬಿಡಿ" ಎಂದಳು.

"ನಿಮ್ಮಜ್ಜಿ ಈ ಬೀದಿಯೋರೇ ಅಲ್ಲವಲ್ಲಮ್ಮ!"

"ಅವತ್ತು ವ್ಯಾಪಾರಕ್ಕೆ ಬಂದಿದ್ರು ಅಂತ ಮಾಡಿ. ಅಷ್ಟು ಜನ ಮೂರು ದಿನ ಇದ್ರಲ್ಲ, ತಿಂದದ್ದೇನು? ಮಗ್ಗಿನಾ?"

ಮಾತು ನ್ಯಾಯವಾಗಿತ್ತು. ತರಕಾರಿಯವಳ ಅಜ್ಜಿಗೆ ಬಾಗಿಲು ತೆರೆದದ್ದೇ ತಡ, ಎಲ್ಲರ ಅಜ್ಜ ಅಜ್ಜಿಯರೂ ನುಗ್ಗಿದರು. ಒಬ್ಬರ ಮುತ್ತಜ್ಜ ಹಗ್ಗ ಹಿಡಿದ, ಇನ್ನೊಬ್ಬರ ದೊಡ್ಡಜ್ಜಿ ಅದೇ ಕೋಣೆಯಲ್ಲಿ ಅವಳಿ ಹೆತ್ತಳು. ಊಟದ ಹೊತ್ತಿಗೆ ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಎಪ್ಪತ್ತೊಂದು ಜನ, ಎರಡು ಹಸು ಮತ್ತು ಬಾಗಿಲಾಚೆ ಒಂದು ದೋಣಿ ಇದ್ದವು. ನಿಜವಾಗಿ ಬೆಂಕಿ ಬಿದ್ದಿದ್ದರೂ ಆ ಬೀದಿಯಲ್ಲಿ ಇಷ್ಟು ಗಲಾಟೆ ಆಗುತ್ತಿರಲಿಲ್ಲ.

ರೇಡಿಯೋ ತಲೆ ಹಿಡಿದುಕೊಂಡು ಮನೆಗೆ ಬಂದ. ಊಟ ಸೇರಲಿಲ್ಲ. ಹೆಂಡತಿ, "ಒಂದೇ ಒಂದು ಮಾತು ಹೇಳ್ಲಾ?" ಎಂದಳು.

"ಬೇಡ."

"ಹೇಳೇ ಹೇಳ್ತೀನಿ. ಇಷ್ಟೆಲ್ಲಾ ಕಟ್ಟಿದ್ದೀರಲ್ಲ, ಅತ್ತೆಗೆ ನಿಜವಾಗಿ ಏನು ಗೊತ್ತು ಅಂತ ಒಂದ್ಸಲ ಕೇಳಬಾರದಾ?"

"ನಿಜ ತಗೊಂಡು ಏನು ಮಾಡ್ಲಿ? ಟೈಮು ಎರಡೂವರೆ!"

ಸೋದರತ್ತೆ ಮಂಚದ ಮೇಲೆ ಕೂತು ಹಳೆಯ ಸೀರೆಯ ಅಂಚು ಬಿಚ್ಚುತ್ತಿದ್ದರು. ಬೆಳಿಗ್ಗೆ ಒಂದು ಸಲ ಇವನೇ ಬಂದು ಪ್ರವಾಹದ ಕತೆ ಹೇಳಿಹೋಗಿದ್ದ. ಈಗ ಬೆಂಕಿಯ ಕತೆ, ದೋಣಿ, ಮಗ್ಗಿ, ಅವಳಿ, ಹಸು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅತ್ತೆ ಮಧ್ಯೆ ಬಾಯಿ ಹಾಕಲಿಲ್ಲ.

"ನೆನಪಿರುತ್ತಾ ಅತ್ತೆ?"

"ನೆನಪಿಗೇನು ಬಂತು ಮಗನೇ. ನಮ್ಮ ತಾತ ಹೇಳಿದ್ದೆಲ್ಲಾ ಹಾಗೇ ಇದೆ. ಒಂದ್ಸಲ ನೀನು ಕೂತು ಕೇಳಿದ್ರೆ..."

"ಅತ್ತೆ, ಅದು ಆಮೇಲೆ. ನಾನು ಹೇಳ್ಕೊಟ್ಟಿದ್ದು ಹೇಳಿ, ಸಾಕು. ಹೇಳಿಕೊಡದೇ ಇದ್ದಿದ್ದು ನಿಮಗೆ ಬೇಡ."

"ಆಯ್ತಪ್ಪ. ನೀನು ಹೇಳ್ಕೊಟ್ಟಿದ್ದರಲ್ಲಿ ಒಂದಕ್ಷರ ಬಿಡಲ್ಲ."

ನಾಲ್ಕಕ್ಕೆ ಸರಿಯಾಗಿ ಅಧಿಕಾರಿ ಬಂದಳು. ಮೂವತ್ತರ ಒಳಗಿನ ಹುಡುಗಿ. ಹೆಗಲಿಗೆ ಚೀಲ, ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಪುಟ್ಟ ರೆಕಾರ್ಡರ್. ರೇಡಿಯೋ ಅದನ್ನು ಕಂಡು, "ಮೇಡಂ, ಇದು ಕೆಟ್ಟರೆ ನನಗೇ ಕೊಡಿ" ಎಂದ. "ಇದು ಕೆಡಲ್ಲ" ಎಂದಳು. ಇಷ್ಟರಲ್ಲೇ ಅವಳು ಒಳ್ಳೆಯವಳಲ್ಲ ಎಂದು ಅವನಿಗೆ ಅನ್ನಿಸಿತು.

ಅವಳು ಕೋಣೆಯನ್ನು ಒಮ್ಮೆ ಸುತ್ತಿ ನೋಡಿ, ಸ್ಟೂಲಿನ ಮೇಲೆ ಕೂತು, ರೇಡಿಯೋನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಅವನ ಅಂಗಡಿಯಿಂದ ಅವನನ್ನೇ ಹೊರಗೆ ಹಾಕಿದ್ದು ಅದು ಮೊದಲನೆಯ ಸಲ. ಎದುರಿನ ಬೆಂಚಿನ ಮೇಲೆ ಕೂತು ಉಗುರು ಕಚ್ಚತೊಡಗಿದ. ಬಣ್ಣದವನು ಡಬ್ಬ ಕೆಳಗಿಟ್ಟು ಪಕ್ಕದಲ್ಲೇ ಕೂತ.

"ನೀನ್ಯಾಕಯ್ಯಾ ಇನ್ನೂ ಇಲ್ಲೇ ಇದ್ದೀಯಾ?"

"ಚರಿತ್ರೆ ಇದೆ ಅಂದ್ರೆ ಗುರುತು ಅಳಿಸಬೇಕು. ಇಲ್ಲ ಅಂದ್ರೆ ಇನ್ನೊಂದು ಕೋಟು ಹೊಡೀಬೇಕು. ಎರಡಕ್ಕೂ ನಾನೇ."

ಮೊದಲು ಕಟಿಂಗ್ ತಾತ ಒಳಗೆ ಹೋದರು. ಕಾಲು ಗಂಟೆಗೆ ಎದೆ ಉಬ್ಬಿಸಿಕೊಂಡು ಹೊರಗೆ ಬಂದರು.

"ಹೇಳಿದ್ರಾ ತಾತ?"

"ಹೇಳ್ದೆ."

"ಎಲ್ಲಾ?"

"ಆ ಮಗು ಕೇಳಿದ್ದಕ್ಕೆಲ್ಲಾ ಹೇಳ್ದೆ. ತುಂಬಾ ಚೆನ್ನಾಗಿ ಕೇಳಿಸ್ಕೋತಾಳೆ ಕಣೋ. ಈ ಬೀದೀಲಿ ಅಂಥೋರೇ ಇಲ್ಲ."

ಟೀಚರಮ್ಮ ಹೋದರು, ಬಂದರು. "ಪ್ರಶ್ನೆಗಳು ಸುಲಭ ಇದ್ವು" ಎಂದರು. ಕಡೆಗೆ ಸೋದರತ್ತೆ, ರೇಡಿಯೋನ ಹೆಂಡತಿಯ ತೋಳು ಹಿಡಿದು ನಿಧಾನವಾಗಿ ಹೋದರು. ಅವರು ಬರುವುದು ತಡವಾಯಿತು. ಒಳಗಿನಿಂದ ಎರಡು ಸಲ ನಗು ಕೇಳಿಸಿತು. ತಾನು ಹೇಳಿಕೊಟ್ಟದ್ದರಲ್ಲಿ ನಗುವಂಥದ್ದೇನೂ ಇರಲಿಲ್ಲವಲ್ಲ ಎಂದು ರೇಡಿಯೋ ಇನ್ನೊಂದು ಉಗುರಿಗೆ ಬಾಯಿ ಹಾಕಿದ.

ಐದೂವರೆಗೆ ಅಧಿಕಾರಿ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತಳು. ಬೀದಿಯೆಲ್ಲ ಅಲ್ಲಿತ್ತು.

"ಮೂವರು ಹೇಳಿದ್ದನ್ನೂ ತಾಳೆ ನೋಡಿದ್ದೀನಿ. ಮೊದಲನೇದು, ಆ ಅನಾಹುತ. ಒಬ್ಬರು ಪ್ರವಾಹ ಅಂದ್ರು. ಒಬ್ಬರು ಬೆಂಕಿ ಅಂದ್ರು. ಇನ್ನೊಬ್ಬರು ಬೆಳಿಗ್ಗೆ ಪ್ರವಾಹ, ಮಧ್ಯಾಹ್ನದ ಮೇಲೆ ಬೆಂಕಿ ಅಂದ್ರು."

ರೇಡಿಯೋ ಕಟಿಂಗ್ ತಾತನ ಕಡೆ ತಿರುಗಿದ. "ಬೆಂಕಿ ಅಂತ ಒಪ್ಪಿದ್ರಲ್ಲಾ ತಾತ!"

"ಒಪ್ಪಿದ್ದೆ. ಹೇಳೋಕೆ ಕೂತಾಗ ದೋಣಿಗೆ ನೀರೇ ಚೆಂದ ಅನ್ನಿಸ್ತು."

"ಜನ ಎಷ್ಟು ಅಂದ್ರೆ," ಅಧಿಕಾರಿ ಪುಟ ತಿರುವಿದಳು, "ನಲವತ್ತು, ನಲವತ್ತೆರಡು, ಎಪ್ಪತ್ತೊಂದು. ಮೂರನೆಯವರು ಎರಡು ಹಸುವನ್ನೂ ಹೇಳಿದ್ರು. ಕಾಪಾಡಿದೋರು ಯಾರು ಅಂದ್ರೆ ಒಬ್ಬರು ತಮ್ಮ ತಾತ ಅಂದ್ರು, ಒಬ್ಬರು ತಮ್ಮಜ್ಜಿ ಅಂದ್ರು. ಇದೆಲ್ಲ ವ್ಯತ್ಯಾಸ. ಪೂರ್ತಿ ಹೊಡೆದು ಹಾಕಿದ್ದೀನಿ."

ಬಣ್ಣದವನು ಕುಂಚ ಕೈಗೆತ್ತಿಕೊಂಡ.

"ಆದ್ರೆ," ಎಂದಳು ಅಧಿಕಾರಿ, "ಈ ಕೋಣೆಗೆ ಚರಿತ್ರೆ ಇದೆ. ಕೆಡವೋ ಹಾಗಿಲ್ಲ. ಗುರುತು ಅಳಿಸಪ್ಪ."

ಬೀದಿ ಹೋ ಎಂದಿತು. ರೇಡಿಯೋಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ತಿಳಿದಾಗ ಕಣ್ಣಲ್ಲಿ ನೀರು ಬಂತು. ಕಟಿಂಗ್ ತಾತನನ್ನು ತಬ್ಬಿಕೊಂಡ, ಬಣ್ಣದವನನ್ನೂ ತಬ್ಬಿಕೊಂಡು ಅಂಗಿಯ ಇನ್ನೊಂದು ಬದಿಯನ್ನೂ ಕೆಂಪು ಮಾಡಿಕೊಂಡ. "ಮುತ್ತಾತಾ!" ಎಂದು ಆಕಾಶ ನೋಡಿ ಕೈಮುಗಿದ. ಆಮೇಲೆ ಅವನಿಗೆ ಒಂದು ಸಣ್ಣ ಅನುಮಾನ ಬಂತು.

"ಎಲ್ಲಾ ಹೊಡೆದು ಹಾಕಿದ್ದೀರಲ್ಲ ಮೇಡಂ. ಮತ್ತೆ ಚರಿತ್ರೆ ಯಾವುದು ಉಳೀತು?"

"ನನ್ನ ಕೊನೇ ಪ್ರಶ್ನೆಗೆ ಬಂದ ಉತ್ತರ. ನಮ್ಮ ಕಚೇರೀಲಿ ಇನ್ನೂ ಯಾರಿಗೂ ಇಂಥದ್ದು ಸಿಕ್ಕಿಲ್ಲ, ನನಗೆ ಸಿಕ್ಕಿದ್ದು ಪುಣ್ಯ. ಮೂವರೂ ಒಂದೇ ಉತ್ತರ ಕೊಟ್ರು."

"ಏನು ಪ್ರಶ್ನೆ?"

"ಈ ಕೋಣೆ ಯಾರು ಕಟ್ಟಿಸಿದ್ದು ಅಂತ."

ರೇಡಿಯೋ ಬೆರಳು ಮಡಚಿ ಲೆಕ್ಕ ಹಾಕಿದ. ಪ್ರವಾಹ ಹೇಳಿಕೊಟ್ಟಿದ್ದ, ಬೆಂಕಿ ಹೇಳಿಕೊಟ್ಟಿದ್ದ, ಹಸುವಿನ ಬಣ್ಣ ಕೂಡ ಹೇಳಿಕೊಟ್ಟಿದ್ದ. ಕೋಣೆ ಕಟ್ಟಿಸಿದ್ದು ಯಾರು ಎಂದು ಮಾತ್ರ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅದನ್ನು ಯಾರಾದರೂ ಕೇಳಿಯಾರು ಎಂದು ಅವನಿಗೆ ಹೊಳೆದೇ ಇರಲಿಲ್ಲ. ಹುಟ್ಟಿ ಐವತ್ತೆರಡು ವರ್ಷವಾದರೂ ಅವನೇ ಕೇಳಿರಲಿಲ್ಲ.

ಅಧಿಕಾರಿ ರೆಕಾರ್ಡರಿನ ಗುಂಡಿ ಒತ್ತಿದಳು. ಕಟಿಂಗ್ ತಾತನ ದನಿ ಕೇಳಿಸಿತು: "ಇದಾ? ಇದು ಬೀದಿಯೋರು ಕಟ್ಟಿಸಿದ್ದಮ್ಮಾ. ಮನೆಗೆ ನೂರು ಇಟ್ಟಿಗೆ. ಯಾರಿಗೂ ಓದು ಬರಹ ಬರ್ತಿರಲಿಲ್ಲ ನೋಡು, ಬಂದ ಕಾಗದ ಓದಿಸ್ಕೊಳ್ಳೋಕೆ, ಕೂತು ಮಾತಾಡೋಕೆ ಒಂದು ಜಾಗ ಇರಲಿ ಅಂತ. ನಮ್ಮ ಮನೇದೂ ನೂರು. ಅದರಲ್ಲಿ ಆರು ಒಡೆದಿತ್ತಂತೆ, ಅಷ್ಟಕ್ಕೇ ಏನು ರಂಪ ಮಾಡಿದ್ರಂತೆ ಅಂತೀಯ!"

ಇನ್ನೊಂದು ಗುಂಡಿ. ಟೀಚರಮ್ಮ: "ಪ್ರತಿ ಮನೆಯಿಂದ ನೂರು ಇಟ್ಟಿಗೆ. ಕಟಿಂಗ್ ಮನೆಯೋರದ್ದು ಮಾತ್ರ ತೊಂಬತ್ತನಾಲ್ಕು. ಆರು ಒಡಕು. ನಮ್ಮಜ್ಜಿ ಎಣಿಸಿದ್ರು."

ಮೂರನೆಯದು ಸೋದರತ್ತೆ. ಮೊದಲು ನಗು, ಆಮೇಲೆ ಮಾತು: "ಮನೆಗೆ ನೂರು ಇಟ್ಟಿಗೆ. ಕಟಿಂಗ್ ಮನೆಯೋರು ಆರು ಒಡಕು ಕೊಟ್ರು ಅಂತ ನಮ್ಮ ತಾತ ಸಾಯೋವರೆಗೂ ಹೇಳೋರು. ನಮ್ಮ ತಾತ ಬೀದೀಲಿ ಯಾವ ಮನೆಯೋರೂ ಅಲ್ಲ ಕಣಮ್ಮಾ, ಹೊರಗಿಂದ ಬಂದೋರು. ಕೋಣೆ ಗುಡಿಸಿ ದೀಪ ಹಚ್ಚೋಕೆ ಅಂತ ಬೀದಿಯೋರು ಅವರನ್ನ ಕಾವಲಿಗೆ ಇಟ್ಕೊಂಡಿದ್ದು. ಮೊದಲು ಚಾಪೆ ಹಾಸಿದ್ರು, ಆಮೇಲೆ ಒಂದು ಪರದೆ ಕಟ್ಟಿದ್ರು. ಪರದೆ ಆದ್ಮೇಲೆ ಬಾಗಿಲು, ಬಾಗಿಲಾದ್ಮೇಲೆ ಬೀಗ. ಹಿಂದುಗಡೆ ಜಾಗ ತಗೊಂಡು ಮನೆ ಕಟ್ಕೊಂಡ್ರು. ಯಾರೂ ಏನೂ ಅನ್ನಲಿಲ್ಲ, ಒಳ್ಳೇ ಜನ."

ಅಧಿಕಾರಿಯ ಕಣ್ಣು ಹೊಳೆಯುತ್ತಿತ್ತು. "ಕಾವಲುಗಾರ, ಚಾಪೆ, ಪರದೆ, ಬಾಗಿಲು, ಬೀಗ. ಮೂವರೂ ಅದೇ ಕ್ರಮದಲ್ಲಿ ಹೇಳಿದ್ದಾರೆ. ಒಡೆದ ಆರು ಇಟ್ಟಿಗೆ ಕೂಡ ತಾಳೆಯಾಗುತ್ತೆ! ಇದು ಬೀದಿಯ ಕೋಣೆ. ಬೀದಿಯ ಹೆಸರಲ್ಲೇ ದಾಖಲೆ ಮಾಡಿದ್ದೀನಿ."

ರೇಡಿಯೋ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ತರಕಾರಿಯವಳಿಗೆ ಕೂಡ ಗೊತ್ತಿತ್ತು.

"ತಾತ, ನಿಮಗೆ ಮೊದಲಿಂದ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತು. ಮುಖಕ್ಕೆ ಹೊಡೆದ ಹಾಗೆ ಹೇಳೋದಕ್ಕಾಗುತ್ತೇನೋ? ಮರ್ಯಾದೆ ಅಂತ ಒಂದಿರುತ್ತಲ್ಲ."

"ಟೀಚರಮ್ಮ?"

"ಇಷ್ಟು ವರ್ಷ ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆದರೆ ನಾನೇ ಅಂಕ ಕೊಡ್ತಿರಲಿಲ್ಲ."

"ಅತ್ತೆ! ನೀವಾದ್ರೂ!"

"ನೀನು ಹೇಳ್ಕೊಟ್ಟಿದ್ದನ್ನ ಒಂದಕ್ಷರ ಬಿಡದೆ ಹೇಳ್ದೆ ಮಗನೇ. ಕೊನೇಲಿ ಆ ಮಗು ಇದನ್ನ ಕೇಳ್ತು. ನೀನು ಹೇಳ್ಕೊಟ್ಟಿರಲಿಲ್ಲ. ಗೊತ್ತಿದ್ದದ್ದು ಹೇಳ್ಬಿಟ್ಟೆ."

ರೇಡಿಯೋ ಕಟ್ಟಕಡೆಯ ಪ್ರಯತ್ನ ಮಾಡಿದ. "ಮೇಡಂ, ಇವರು ಹೇಳೋದೆಲ್ಲಾ ಸುಳ್ಳು! ಇವರಿಗೆ ಹೇಳ್ಕೊಟ್ಟಿದ್ದೇ ನಾನು!"

"ಏನು, ಇಟ್ಟಿಗೆ ಕತೆ ನೀವು ಹೇಳ್ಕೊಟ್ರಾ?"

"ಅದಲ್ಲ. ಬೆಂಕಿ, ದೋಣಿ..."

"ಅದನ್ನ ಆಗಲೇ ಹೊಡೆದು ಹಾಕಿದ್ದೀನಲ್ಲ. ಇಟ್ಟಿಗೇದೂ ಸುಳ್ಳು ಅಂದ್ರೆ ಹೇಳಿ, ಅದನ್ನೂ ಹೊಡೆದು ಹಾಕ್ತೀನಿ. ಆಮೇಲೆ ಈ ಕೋಣೆಗೆ ಚರಿತ್ರೆ ಇರಲ್ಲ. ನಾಳೆ ಬೆಳಿಗ್ಗೆ ಕೆಡವ್ತಾರೆ."

ಅರ್ಧ ಗುರುತು ಅಳಿಸಿದ್ದ ಬಣ್ಣದವನು ಕೈ ನಿಲ್ಲಿಸಿ, ಯಾವುದಾದರೊಂದು ಹೇಳಿ ಎಂಬಂತೆ ನೋಡಿದ. ಹೇಳಿದರೆ ಕೋಣೆ ಬೀಳುತ್ತದೆ, ಹೇಳದಿದ್ದರೆ ಕೋಣೆ ಇರುತ್ತದೆ, ಆದರೆ ತನ್ನದಲ್ಲ. ಮಾತಿಗೆ ಎಂದೂ ಬರವಿಲ್ಲದ ರೇಡಿಯೋನ ಬಾಯಿಂದ ಒಂದು ಸದ್ದೂ ಹೊರಡಲಿಲ್ಲ. ಬಣ್ಣದವನು ಉಳಿದರ್ಧವನ್ನೂ ಅಳಿಸಿದ.

ಬೀದಿಯವರು ಆಗಲೇ ಒಳಗೆ ನುಗ್ಗಿ ಹಲಗೆಗಳನ್ನು ಅಳೆಯುತ್ತಿದ್ದರು. ಕಟಿಂಗ್ ತಾತ ತಮ್ಮ ಬೆಂಚನ್ನು ಒಳಗೆ ತರಿಸಬೇಕೆಂದರು. ಟೀಚರಮ್ಮ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆದು ರಾತ್ರಿ ಒಂಬತ್ತಕ್ಕೆ ಮುಚ್ಚಬೇಕೆಂದು ಗೋಡೆಗೆ ಚೀಟಿ ಅಂಟಿಸಿದರು. ಮಾಲೀಕರಿಲ್ಲದ ರೇಡಿಯೋಗಳನ್ನು ಎಲ್ಲಿಡುವುದೆಂಬ ಪ್ರಶ್ನೆಗೆ, ಹೆಂಡತಿ ಮನೆಯೊಳಗೆ ಜಾಗವಿಲ್ಲವೆಂದು ಮೊದಲೇ ಹೇಳಿಬಿಟ್ಟಳು.

"ಹಾಗಾದ್ರೆ ನಾನು?" ಎಂದ ರೇಡಿಯೋ. ದನಿ ಅಳುವಂತಿತ್ತು. "ಇಪ್ಪತ್ತೆಂಟು ವರ್ಷ ಇಲ್ಲೇ ಕೂತಿದ್ದೀನಿ ಮೇಡಂ. ನನ್ನ ಗತಿ ಏನು?"

ಅಧಿಕಾರಿ ಮೃದುವಾಗಿ ನಕ್ಕಳು. "ನಿಮ್ಮನ್ನ ಕಳಿಸೋ ಮಾತೇ ಇಲ್ಲ. ಕಾವಲುಗಾರನ ಕೆಲಸ ವಂಶದಲ್ಲೇ ನಡೆದು ಬರಬೇಕು ಅಂತ ಬೀದಿಯೋರು ಆ ಕಾಲದಲ್ಲೇ ಮಾತು ಕೊಟ್ಟಿದ್ರಂತೆ. ಅದನ್ನೂ ಮೂವರು ಒಂದೇ ಥರ ಹೇಳಿದ್ದಾರೆ. ದಾಖಲೆಗೆ ಸೇರಿಸಿದ್ದೀನಿ. ಇವತ್ತಿಂದ ನೀವೇ."

"ಸಂಬಳ?"

"ಅದನ್ನೂ ಹೇಳಿದ್ದಾರೆ. ಸಂಬಳ ಇಲ್ಲ. ಮಲಗೋಕೆ ಒಂದು ಚಾಪೆ."

ಅವಳು ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲರಿಗೂ ಕೈಮುಗಿದು ಹೊರಟುಹೋದಳು. ಯಾರೋ ರೇಡಿಯೋನ ಕೈಗೆ ಪೊರಕೆ ಕೊಟ್ಟರು. ಯಾರೆಂದು ಅವನು ತಲೆ ಎತ್ತಿ ನೋಡಲಿಲ್ಲ. ಅತ್ತ ಕಟಿಂಗ್ ತಾತ "ಧೂಳಪ್ಪಾ ಧೂಳು" ಎಂದು ಮೂಗು ಮುಚ್ಚಿಕೊಂಡರು. ರೇಡಿಯೋ ಬಗ್ಗಿ, ಬಾಗಿಲ ಹತ್ತಿರದಿಂದ ಗುಡಿಸತೊಡಗಿದ.

ಸೋದರತ್ತೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

"ಮೂಲೆಗಳನ್ನ ಬಿಡಬೇಡ ಮಗನೇ," ಎಂದರು. "ನಮ್ಮ ತಾತ ಯಾವಾಗಲೂ ಬಿಡೋರು. ಬೀದಿಯೆಲ್ಲ ಬೈಯೋದು."